ಅಂಗೈ ನೋಡಿ, ಕುಡಿದ ನೀರಿನ ಬಗ್ಗೆ ಕೇಳಿ

ಪ್ರಶ್ನೆ: ನಾನು ಮಂಡ್ಯದಲ್ಲಿ ನರ್ಸಿಂಗ್ ಬೋಧಕಿ. ಆರ್ಸೆನಿಕ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಕೊಲೆಗೆ ಬಳಸುವ ಪಾಷಾಣ ಎಂಬುದಷ್ಟೇ ಗೊತ್ತು. ನಮ್ಮ ಕಡೆಯ ಕೊಳವೆಬಾವಿಗಳ ತೊಂದರೆ ಫ್ಲೋರೈಡ್. ಹೀಗಿರುವಾಗ ಈ ಪಾಠಕ್ಕೆ ಹೆಚ್ಚು ಸಮಯ ಕೊಡಬೇಕೆ?

ಉತ್ತರ: ಕೊಡಬೇಕು. ಆರ್ಸೆನಿಕ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರು ಕೆಲಸ ಹುಡುಕಿಕೊಂಡು ನಿಮ್ಮ ಜಿಲ್ಲೆಗೂ ಬರುತ್ತಾರೆ. ಗಂಗಾ ಬಯಲಿನ ಬಿಹಾರ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳಗಳ ಅನೇಕ ಜಿಲ್ಲೆಗಳ ಅಂತರ್ಜಲದಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದೆ. ಮಂಡ್ಯದ ಆಲೆಮನೆಗಳಲ್ಲೂ ಮೈಸೂರಿನ ಕಟ್ಟಡ ಕೆಲಸದಲ್ಲೂ ಆ ಕಡೆಯ ಕಾರ್ಮಿಕರಿದ್ದಾರೆ. ಅಷ್ಟು ದೂರವೇಕೆ, ನಮ್ಮದೇ ಯಾದಗಿರಿ ಜಿಲ್ಲೆಯ ಮಂಗಳೂರಿನ (ಕರಾವಳಿಯದಲ್ಲ) ಹಳೆಯ ಚಿನ್ನದ ಗಣಿಯ ಸುತ್ತಮುತ್ತಲಲ್ಲಿ ಇದರಿಂದ ಬಳಲಿದವರಿದ್ದಾರೆ.

ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ, ಕುದಿಸಿದರೂ ಹೋಗದ ಈ ವಿಷ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಚರ್ಮದಲ್ಲಿ. 1983ರಲ್ಲಿ ಕೋಲ್ಕತ್ತದ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ಇದನ್ನು ಗುರುತಿಸಿದ್ದೂ ಚರ್ಮದ ಲಕ್ಷಣಗಳಿಂದಲೇ. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಚುಕ್ಕೆಗಳು ಮತ್ತು ನಡುನಡುವೆ ಬಿಳಿ ಚುಕ್ಕೆಗಳು, ಎರಡೂ ಅಂಗೈ ಅಂಗಾಲುಗಳಲ್ಲಿ ಮುಟ್ಟಿದರೆ ಒರಟಾಗಿ ತಗಲುವ ಗಟ್ಟಿ ಗುಳ್ಳೆಗಳು ಕಂಡರೆ ಸಂಶಯ ಬರಬೇಕು. ಕೂಲಿಯವರ ಕೈಯಲ್ಲಿ ಜಡ್ಡು ಸಹಜವೆಂದು ಕಣ್ಣು ಮುಚ್ಚಿಬಿಡುವುದೇ ಇಲ್ಲಿ ಆಗುವ ತಪ್ಪು. ಕೆಲಸದ ಜಡ್ಡು ಉಜ್ಜುವ, ಒತ್ತುವ ಜಾಗಕ್ಕೆ ಸೀಮಿತವಾಗಿರುತ್ತದೆ, ಎದೆಯ ಮೇಲೆ ಚುಕ್ಕೆ ತರುವುದಿಲ್ಲ. ಕೈಕಾಲು ಜೋಮು ಹಿಡಿಯುವುದನ್ನೂ ಕೇಳಬೇಕು. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಊರು ಬಿಟ್ಟು ದಶಕಗಳಾದ ಮೇಲೂ ಬರಬಹುದು.

ಪ್ರಯೋಗಾಲಯದ ವರದಿಯನ್ನು ಓದುವ ಬಗೆಯನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಕಲಿಸಿ. ಮೂತ್ರ ಪರೀಕ್ಷೆ ಕೆಲವು ದಿನಗಳ, ಕೂದಲು ಮತ್ತು ಉಗುರಿನ ಪರೀಕ್ಷೆ ಕೆಲವು ತಿಂಗಳುಗಳ ಸೇವನೆಯನ್ನಷ್ಟೇ ತೋರಿಸುತ್ತವೆ. ಮೀನು, ಸಿಗಡಿ ತಿಂದಿದ್ದರೆ ಮೂತ್ರದಲ್ಲಿ ಒಟ್ಟು ಆರ್ಸೆನಿಕ್ ಏರಿಬಿಡುತ್ತದೆ. ಐದು ವರ್ಷದಿಂದ ಕಾವೇರಿ ನೀರು ಕುಡಿಯುತ್ತಿರುವವರ ವರದಿ ಸರಿಯಾಗಿ ಬಂದರೂ ರೋಗವಿಲ್ಲವೆಂದು ಹೇಳಲಾಗದು. ಆದ್ದರಿಂದ ಕೇಸ್ ಶೀಟಿನಲ್ಲಿ ಈಗಿನ ವಿಳಾಸದ ಜೊತೆಗೆ ಹುಟ್ಟೂರು, ಅಲ್ಲಿ ಕುಡಿದದ್ದು ಕೊಳವೆಬಾವಿಯ ನೀರೋ ನದಿಯದೋ, ಎಷ್ಟು ವರ್ಷ ಎಂಬುದನ್ನೂ ಬರೆಯುವ ರೂಢಿ ಮಾಡಿಸಿ.