ನಾಲ್ಕನೆಯ ಕಾಲಂ

ಮನುಷ್ಯರಿಗೆ ಕ್ಷಮೆ ಸಿಗುವುದು ತಮ್ಮ ಒಳ್ಳೆಯ ಕೆಲಸಗಳಿಂದಲ್ಲ, ದೇವರ ಕೃಪೆಯಿಂದ ಎಂಬ ಕ್ರೈಸ್ತ ಬೋಧನೆಯನ್ನೇ ಕೇಳದವರು ಪಾಪದ ಭಯದಿಂದ ನರಳುತ್ತಿದ್ದರೆ ಆಪ್ತಸಲಹೆಗಾರರ ಕೆಲಸ ಅಷ್ಟು ಕಷ್ಟವಲ್ಲ. ಬೋಧನೆಯನ್ನು ಬಿಡಿಸಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಮತ್ತೆ ಮತ್ತೆ ಬರುವ ಪ್ರಕರಣ ಬೇರೆಯದು. ಇವರಿಗೆ ಬೋಧನೆ ಬಾಯಿಪಾಠವಾಗಿರುತ್ತದೆ, ಬೇರೆಯವರಿಗೆ ತಪ್ಪಿಲ್ಲದೆ ಹೇಳಿಕೊಡುತ್ತಾರೆ. ತಮ್ಮ ವಿಷಯ ಬಂದಾಗ ಮಾತ್ರ ಅದೇ ಬೋಧನೆ ಉರುಳಾಗಿ ಕೊರಳಿಗೆ ಬಿದ್ದಿರುತ್ತದೆ. ಅಂಥ ಒಂದು ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತೈದರ ಆಸುಪಾಸಿನ ಮಹಿಳೆ. ಪ್ರೊಟೆಸ್ಟೆಂಟ್ ಸಭೆಯವರು, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು. ರಾತ್ರಿ ಪಾಪನಿವೇದನೆಗೆ ಕೂತರೆ ಎರಡೂವರೆ ಗಂಟೆ. ಒಂದು ಮಾತು ಮನಸ್ಸಾರೆ ಬರಲಿಲ್ಲ ಅನಿಸಿದರೆ ಮತ್ತೆ ಮೊದಲಿನಿಂದ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಐದು ತಿಂಗಳಿಂದ ಪಾಲು ತೆಗೆದುಕೊಂಡಿರಲಿಲ್ಲ. ಮನೆಯಲ್ಲಿ ಗಂಡನನ್ನು ದಿನಕ್ಕೆ ಹತ್ತಾರು ಸಲ ಕೇಳುತ್ತಿದ್ದರು: ‘ನನಗೆ ರಕ್ಷಣೆ ಆಗಿದೆಯಲ್ಲವೇ?’ ಸಭೆಯ ಹಿರಿಯರೊಬ್ಬರು ‘ಇನ್ನಷ್ಟು ನಂಬಿ’ ಎಂದಿದ್ದರು. ಇನ್ನೊಬ್ಬರು ‘ಇನ್ನಷ್ಟು ಪ್ರಾರ್ಥಿಸಿ’ ಎಂದಿದ್ದರು. ಇಬ್ಬರದೂ ಒಳ್ಳೆಯ ಮನಸ್ಸು. ಇಬ್ಬರ ಮಾತೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು, ಏಕೆಂದರೆ ಆಕೆಯ ರೋಗವೇ ‘ಇನ್ನಷ್ಟು’ ಎಂಬುದು.

ನಾಲ್ಕನೆಯ ಭೇಟಿಯಲ್ಲಿ ಆಕೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದಿತ್ತು. ಮೊದಲ ಕಾಲಮ್ಮಿನಲ್ಲಿ ತಾರೀಕು, ಎರಡರಲ್ಲಿ ಪಾಪ, ಮೂರರಲ್ಲಿ ‘ಅರಿಕೆ ಮಾಡಿದೆನೇ?’ ಎಂಬ ಶೀರ್ಷಿಕೆ, ಕೆಳಗೆ ಟಿಕ್ ಗುರುತುಗಳು. ಅರ್ಧ ಪುಸ್ತಕ ದಾಟಿದ ಮೇಲೆ ನಾಲ್ಕನೆಯ ಕಾಲಂ ಹುಟ್ಟಿಕೊಂಡಿತ್ತು. ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ, ಜಾಗ ಸಾಲದೆ ಅಂಚಿಗೆ ಒತ್ತಿ ಎಳೆದಿದ್ದರು. ಶೀರ್ಷಿಕೆ: ‘ಕ್ಷಮೆಯಾಯಿತೆಂದು ನಂಬಿದೆನೇ?’ ಅದರ ಕೆಳಗೆ ಒಂದೂ ಟಿಕ್ ಇರಲಿಲ್ಲ. ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ.

ಆ ಕಾಲಮ್ಮಿನ ಮೇಲೆ ಬೆರಳಿಟ್ಟು ಆಕೆ ಹೇಳಿದರು: ‘ಕೃಪೆಯಿಂದ ಎಂದು ಗೊತ್ತು, ಮಕ್ಕಳಿಗೂ ಅದನ್ನೇ ಕಲಿಸುತ್ತೇನೆ. ಆದರೆ ಕೃಪೆಗೆ ಚಾಚಬೇಕಾದ ಕೈ ನನ್ನದು ತಾನೇ? ಆ ಕೈ ನಡುಗುತ್ತಿದೆ.’

ಇಡೀ ಪ್ರಕರಣ ಆ ಮಾತಿನಲ್ಲಿದೆ. ಕ್ರಿಯೆಗಳಿಂದ ನೀತಿವಂತರಾಗುವುದಿಲ್ಲ, ಅಂದರೆ ದೇವರ ಮುಂದೆ ನಿರ್ದೋಷಿಗಳಾಗುವುದಿಲ್ಲ ಎಂದು ಒಪ್ಪಿಕೊಂಡವರು ನಂಬಿಕೆಯನ್ನೇ ಒಂದು ಕ್ರಿಯೆ ಮಾಡಿಕೊಂಡಿದ್ದರು, ಅದೂ ಎಲ್ಲಕ್ಕಿಂತ ಕಠಿಣವಾದ ಕ್ರಿಯೆ. ಉಪವಾಸವನ್ನಾದರೆ ದಿನ ಎಣಿಸಿ ಮುಗಿಸಬಹುದು. ‘ಸಾಕಷ್ಟು ನಂಬಿದೆನೇ?’ ಎಂಬುದಕ್ಕೆ ಅಳತೆಗೋಲೇ ಇಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯವನ್ನು ನಾನು ತೆರೆದೆ. ಲೆಕ್ಕದ ಪುಸ್ತಕ ಇಟ್ಟುಕೊಂಡವರಿಗೆ ತಕ್ಕ ಅಧ್ಯಾಯ ಅದು. ಗ್ರೀಕಿನಲ್ಲಿ ಲೆಕ್ಕಕ್ಕೆ ಹಿಡಿಯುವುದು ಎಂಬ ಅರ್ಥದ ‘ಲೊಗಿಜೊಮಾಯ್’ ಎಂಬ ಕ್ರಿಯಾಪದ ಆ ಒಂದೇ ಅಧ್ಯಾಯದಲ್ಲಿ 11 ಸಲ ಬರುತ್ತದೆ; ನಮ್ಮ ಬೈಬಲಿನ ‘ಎಣಿಸಲ್ಪಟ್ಟಿತು’ ಅದೇ. ದುಡಿದವನಿಗೆ ಸಿಗುವುದು ಕೂಲಿ, ಅದನ್ನು ಯಾರೂ ಉಪಕಾರ ಎನ್ನುವುದಿಲ್ಲ ಎನ್ನುತ್ತಾನೆ ಪೌಲ. ಐದನೆಯ ವಚನದಲ್ಲಿ ದೇವರಿಗೆ ಅವನು ಕೊಡುವ ಹೆಸರು, ಭಕ್ತಿಹೀನರನ್ನು ನೀತಿವಂತರೆಂದು ನಿರ್ಣಯಿಸುವಾತ. ಶಾಲೆಯ ವ್ಯಾಕರಣದಂತೆ ಬಿಡಿಸಿ ನೋಡೋಣ ಎಂದೆ. ಕರ್ತೃಪದ ಯಾವುದು? ದೇವರು. ಕರ್ಮಪದ? ಭಕ್ತಿಹೀನರು. ‘ಅನ್ನು’ ಹತ್ತಿರುವುದು ಅವರಿಗೆ. ಅವರು ಏನೂ ಮಾಡುತ್ತಿಲ್ಲ, ಅವರ ವಿಷಯದಲ್ಲಿ ಏನೋ ಆಗುತ್ತಿದೆ. ನಿರ್ಣಯ ಎಂಬುದು ನ್ಯಾಯಸ್ಥಾನದ ಮಾತು. ಧರ್ಮೋಪದೇಶಕಾಂಡ 25:1ರಲ್ಲಿ ನ್ಯಾಯಾಧಿಪತಿಗಳು ನಿರಪರಾಧಿಯನ್ನು ನಿರಪರಾಧಿಯೆಂದು ಘೋಷಿಸುವುದಕ್ಕೆ ಹೋಲುವ ಮಾತು. ತೀರ್ಪು ಹೊರಬೀಳುವುದು ನ್ಯಾಯಪೀಠದಿಂದ. ಕಟಕಟೆಯಲ್ಲಿ ನಿಂತವರ ಎದೆಬಡಿತ ಎಷ್ಟಿದೆ ಎಂಬುದು ಅದರಲ್ಲಿ ಸೇರುವುದಿಲ್ಲ.

‘ಆದರೆ “ನಂಬಿಕೆಯಿಂದ” ಎಂದು ಬರೆದಿದೆಯಲ್ಲ’ ಎಂದರು.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಕನ್ನಡ ಓದುಗರಿಗೆ ಬೋಧಿಸುವವರು ಇದನ್ನು ಬಿಡಿಸಿ ಹೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಇಂದ’ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ‘ಊಟದಿಂದ ಹಸಿವು ತೀರಿತು’ ಎಂದಾಗ ಊಟ ಕಾರಣ. ‘ಕೈಯಿಂದ ಉಂಡೆ’ ಎಂದಾಗ ಕೈ ಬರಿಯ ಸಾಧನ. ಕೈ ಹಸಿವು ತೀರಿಸಲಿಲ್ಲ. ‘ಕೃಪೆಯಿಂದ’ ಎಂಬುದು ಮೊದಲನೆಯ ಬಗೆ, ‘ನಂಬಿಕೆಯಿಂದ’ ಎಂಬುದು ಎರಡನೆಯ ಬಗೆ. ಗ್ರೀಕಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ‘ದಿಯಾ’ ಎಂಬ ಪದ ಷಷ್ಠಿಯೊಡನೆ ಬಂದರೆ ‘ಮೂಲಕ’, ದ್ವಿತೀಯೆಯೊಡನೆ ಬಂದರೆ ‘ಕಾರಣಕ್ಕಾಗಿ’. ಮನುಷ್ಯ ನೀತಿವಂತನೆನಿಸಿಕೊಳ್ಳುವ ಮಾತು ಬಂದಲ್ಲಿ ಹೊಸ ಒಡಂಬಡಿಕೆ ನಂಬಿಕೆಯ ‘ಮೂಲಕ’ ಎನ್ನುತ್ತದೆಯೇ ಹೊರತು ನಂಬಿಕೆಯ ‘ಕಾರಣಕ್ಕಾಗಿ’ ಎಂದು ಒಮ್ಮೆಯೂ ಹೇಳುವುದಿಲ್ಲ. ಎಫೆಸ 2:8ರಲ್ಲಿ ಎರಡೂ ಅಕ್ಕಪಕ್ಕದಲ್ಲಿವೆ: ಕೃಪೆಯಿಂದ, ನಂಬಿಕೆಯ ಮೂಲಕ. ಮತ್ತೆ ಅದು ನಿಮ್ಮಿಂದ ಬಂದದ್ದಲ್ಲ, ದೇವರ ವರ.

‘ನಡುಗುವ ಕೈಯಿಂದ ಉಂಡರೂ ಹಸಿವು ತೀರುತ್ತದೆಯೇ?’ ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಾಗಾದರೆ ನಾಲ್ಕನೆಯ ಕಾಲಮ್ಮಿಗೆ ಏನು ಬರೆಯಲಿ?’ ಎಂದರು.

‘ಏನೂ ಬೇಡ. ಪ್ರಶ್ನಾರ್ಥಕ ಚಿಹ್ನೆಯೂ ಬೇಡ.’

ಅದೇ ದಿನ ಯಾಕೋಬನ ಪತ್ರದ 2:24ನ್ನೂ ಎತ್ತಿದರು. ಮನುಷ್ಯ ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದಲೂ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬ ಮಾತು ಅದು. ಪೌಲ, ಯಾಕೋಬ ಇಬ್ಬರೂ ಉದಾಹರಣೆಯಾಗಿ ಕೊಡುವುದು ಮೂಲಪಿತೃ ಅಬ್ರಹಾಮನನ್ನು; ಉತ್ತರ ಅವನ ವಯಸ್ಸಿನಲ್ಲಿದೆ. ಪೌಲ ಹಿಡಿಯುವುದು ಆದಿಕಾಂಡ 15:6. ಅಬ್ರಹಾಮ ನಂಬಿದ, ಅದು ನೀತಿಯೆಂದು ಎಣಿಸಲ್ಪಟ್ಟಿತು. ಮಗ ಇಷ್ಮಾಯೇಲ ಹುಟ್ಟಿದ್ದು ಅದರ ನಂತರ, ಆಗ ಅಬ್ರಹಾಮನಿಗೆ 86. ಸುನ್ನತಿಯಾದಾಗ 99. ಅಂದರೆ ತೀರ್ಪಿಗೂ ಸುನ್ನತಿಗೂ ನಡುವೆ ಕನಿಷ್ಠ 13 ವರ್ಷ. ಯಾಕೋಬ ಮುಂದಿಡುವ, ಇನ್ನೊಬ್ಬ ಮಗ ಇಸಾಕನ ಅರ್ಪಣೆ ಬರುವುದು 22ನೆಯ ಅಧ್ಯಾಯದಲ್ಲಿ, ಇನ್ನೂ ಎಷ್ಟೋ ವರ್ಷಗಳ ಮೇಲೆ. ತೀರ್ಪು ಮೊದಲು, ಕ್ರಿಯೆ ಆಮೇಲೆ. ಬಾಯಲ್ಲಿ ಮಾತ್ರ ಇರುವ, ದೆವ್ವಗಳಿಗೂ ಇರುವ ನಂಬಿಕೆಯನ್ನು ಯಾಕೋಬ ಖಂಡಿಸುತ್ತಾನೆ. ಈಕೆಯ ಕಾಯಿಲೆ ಅದಲ್ಲ. ಔಷಧ ಒಳ್ಳೆಯದೇ, ರೋಗಿ ಬೇರೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸ್ಪಷ್ಟಪಡಿಸಿದೆ. ಈ ವಿವರಣೆಯನ್ನು ಇನ್ನೊಮ್ಮೆ ಕೊಡುವುದಿಲ್ಲ, ನೀವು ಕೇಳಿದರೂ. ಆಕೆಯ ಮುಖ ಬಾಡಿತು. ಆದರೂ ಇಡೀ ಸಲಹೆಯ ಬೆನ್ನುಮೂಳೆ ಇದೇ. ಇದು ಒಸಿಡಿ ಎಂಬ ಗೀಳುರೋಗದ ಒಂದು ರೂಪ, ಧಾರ್ಮಿಕ ಗೀಳು. ಗೀಳಿನ ತೀವ್ರತೆ ಅಳೆಯುವ ವೈ-ಬಾಕ್ಸ್ ಮಾಪನದಲ್ಲಿ ಒಟ್ಟು 40ಕ್ಕೆ 27 ಬಂದಿತ್ತು. 24ರಿಂದ 31ರವರೆಗೆ ತೀವ್ರ ಎನ್ನುತ್ತಾರೆ. ಗೀಳಿಗೆ ಭರವಸೆಯೇ ಆಹಾರ. ಒಮ್ಮೆ ಭರವಸೆ ಕೊಟ್ಟರೆ ಅರ್ಧ ಗಂಟೆ ನೆಮ್ಮದಿ. ಆ ನೆಮ್ಮದಿಯ ರುಚಿ ಹತ್ತಿದ ಮಿದುಳು ಮತ್ತೆ ಅದೇ ಸಂಶಯ ಎಬ್ಬಿಸುತ್ತದೆ. ಸತ್ಯವಾದ ಭರವಸೆಯೂ ಹೀಗೇ ಕೆಲಸ ಮಾಡುತ್ತದೆ ಎಂಬುದನ್ನು ಧಾರ್ಮಿಕರು ಒಪ್ಪಿಕೊಳ್ಳುವುದು ಕಷ್ಟ. ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ ಎನ್ನುವ ರೋಮಾ 8:1 ಆಕೆಯ ಪಾಲಿಗೆ ಗಂಟೆಗೊಮ್ಮೆ ನುಂಗುವ ಮಾತ್ರೆಯಾಗಿತ್ತು.

ಕೊಟ್ಟ ಕ್ರಮ ಹೀಗಿತ್ತು. ಪಾಪನಿವೇದನೆ ದಿನಕ್ಕೊಂದೇ ಸಲ, ಗೊತ್ತಾದ ಹೊತ್ತಿಗೆ, ಟೈಮರ್ ಇಟ್ಟು. ಮೊದಲ ವಾರ 45 ನಿಮಿಷ, ಮುಂದಿನ ವಾರ 20, ಆಮೇಲೆ 10. ಗಂಟೆ ಬಾರಿಸಿದಾಗ ವಾಕ್ಯ ಅರ್ಧಕ್ಕಿದ್ದರೆ ಅರ್ಧಕ್ಕೇ ಬಿಟ್ಟು ಏಳಬೇಕು. ನಂತರ ಒಂದು ಚೀಟಿ: ‘ನಾನು ಮರೆತ ಪಾಪ ಇರಬಹುದು. ನನಗೆ ಗೊತ್ತಿಲ್ಲ.’ ಅದನ್ನು ಓದಿ ಏನೂ ಮಾಡದೆ ಕೂರಬೇಕು, ಹತ್ತು ನಿಮಿಷಕ್ಕೊಮ್ಮೆ ಆತಂಕಕ್ಕೆ 0ರಿಂದ 100ರೊಳಗೆ ಅಂಕ ಕೊಡಬೇಕು. ಪಾಪ ಮಾಡಿ ನೋಡಿ ಎಂದು ಎಂದೂ ಹೇಳಲಿಲ್ಲ. ಈ ಚಿಕಿತ್ಸೆಗೆ ಅದು ಬೇಕಾಗಿಯೂ ಇಲ್ಲ. ಎದುರಿಸಬೇಕಾದ್ದು ಅನಿಶ್ಚಿತತೆಯನ್ನು.

ಮೂರು ವಾರ ಅಂಕ ಇಳಿಯಲೇ ಇಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು, ಚೀಟಿ ಮಡಿಸುವಾಗ ಆಕೆ ತುಟಿಯೊಳಗೇ ‘ಕ್ಷಮಿಸು ಕರ್ತನೇ’ ಎನ್ನುತ್ತಿದ್ದರು. ಅರೆಕ್ಷಣದ ಮಾತು. ಅಷ್ಟಕ್ಕೇ ಇಡೀ ಅಭ್ಯಾಸ ಹಾಳು. ಈ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಇಂಥ ಕದ್ದ ಪ್ರಾರ್ಥನೆಯಲ್ಲೇ. ಅದನ್ನು ನಿಲ್ಲಿಸಿದ ವಾರದಿಂದ ಅಂಕ ಇಳಿಯತೊಡಗಿತು.

ಗಂಡನಿಗೆ ಒಂದೇ ಉತ್ತರ ಕಲಿಸಿದೆ: ‘ಆ ಪ್ರಶ್ನೆಗೆ ಉತ್ತರ ಆಗಿದೆ. ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು, ಜೊತೆಗಿದ್ದೇನೆ.’ ಆಕೆಯ ಒಪ್ಪಿಗೆ ಪಡೆದು ಪಾಸ್ಟರರಿಗೂ ಅದನ್ನೇ ತಿಳಿಸಿದೆ. ಮನೋವೈದ್ಯರ ಬಳಿಗೂ ಕಳಿಸಿದೆ. ಗೀಳಿಗೆ ಕೊಡುವ ಎಸ್‌ಎಸ್‌ಆರ್‌ಐ ಔಷಧಗಳು ಫಲ ತೋರಲು 8ರಿಂದ 12 ವಾರ ಬೇಕು ಎಂದು ಮೊದಲೇ ಹೇಳಿಟ್ಟಿದ್ದರಿಂದ ನಡುವೆ ಬಿಡಲಿಲ್ಲ. ಮಾತ್ರೆ ನುಂಗುವುದು ಅವಿಶ್ವಾಸವಲ್ಲವೇ ಎಂಬ ಪ್ರಶ್ನೆಯೂ ಬಂತು. ಕನ್ನಡಕ ಹಾಕಿಕೊಂಡು ಬೈಬಲ್ ಓದುತ್ತೀರಲ್ಲ ಎಂದೆ.

ಪಾಸ್ಟರರಿಗೆ ಸಮಾಧಾನವಿರಲಿಲ್ಲ. ‘ಪಶ್ಚಾತ್ತಾಪ ಬೇಡ ಎಂದು ಕಲಿಸುತ್ತಿದ್ದೀರಿ, ಕೃಪೆಯನ್ನು ಅಗ್ಗ ಮಾಡುತ್ತಿದ್ದೀರಿ’ ಎಂದರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಪೌಲನಿಗೇ ಎದುರಾದದ್ದು ಅದು; ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂದು ಕೇಳುವ ರೋಮಾ 6:1 ಅದಕ್ಕೆ ಸಾಕ್ಷಿ. ಆದರೆ ನೆನಪಾಗದ ಪಾಪವನ್ನೂ ಬಿಡದೆ ಎಣಿಸಿ ಒಪ್ಪಿಸಲೇಬೇಕೆಂದು ಲೂಥರನ್ ಸಭೆಯೂ ಕಥೋಲಿಕ ಸಭೆಯೂ ಕಲಿಸಿಲ್ಲ. ಲೂಥರನ್ನರು ತಮ್ಮ ನಂಬಿಕೆಯನ್ನು ಸಾರಿದ 1530ರ ಆಗ್ಸ್‌ಬರ್ಗ್ ಪ್ರಕಟಣೆಯ 11ನೆಯ ವಿಧಿ, ತನ್ನ ತಪ್ಪುಗಳನ್ನು ತಿಳಿಯಬಲ್ಲವರು ಯಾರು ಎಂಬ 19ನೆಯ ಕೀರ್ತನೆಯ ಮಾತನ್ನು ಮುಂದಿಟ್ಟು, ಹಾಗೆ ಎಣಿಸುವುದು ಅಸಾಧ್ಯ ಎನ್ನುತ್ತದೆ. ಅರಿಕೆಯ ವಿಷಯದಲ್ಲಿ ಹೆಚ್ಚು ಬಿಗಿಯಾದ ಕಥೋಲಿಕ ಸಭೆಯೂ 1551ರ ಟ್ರೆಂಟ್ ಸಮ್ಮೇಳನದ ಅಧಿವೇಶನದಲ್ಲಿ, ಶ್ರದ್ಧೆಯಿಂದ ಪರೀಕ್ಷಿಸಿಕೊಂಡೂ ನೆನಪಾಗದ ಪಾಪಗಳು ಅದೇ ಅರಿಕೆಯಲ್ಲಿ ಸೇರಿವೆ ಎಂದಿತು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ ಜರ್ಮನಿಯ ಎರ್ಫುರ್ಟ್‌ನ ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಬಳಲಿದವನು. ಅವನ ಮೇಲ್ವಿಚಾರಕ ಸ್ಟೌಪಿಟ್ಸ್ ಅವನ ಕಣ್ಣನ್ನು ಕ್ರಿಸ್ತನ ಗಾಯಗಳತ್ತ ತಿರುಗಿಸಿದ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ, ಮುಂದೆ ಕಥೋಲಿಕರ ಜೆಸುಯಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಇದೇ ಗೀಳಿನಿಂದ ಸಾಯುವಷ್ಟು ನೊಂದ. ಹಳೆಯ ಪಾಪಗಳನ್ನು ಇನ್ನು ಮತ್ತೆ ಅರಿಕೆ ಮಾಡುವುದಿಲ್ಲ ಎಂದು ನಿರ್ಧರಿಸಿದಾಗ ಬಿಡುಗಡೆ ಕಂಡ. ಮುಂದೆ ಎದುರುಬದುರಾದ ಎರಡು ಪಂಥಗಳ ಇಬ್ಬರು ದೊಡ್ಡವರು ಒಂದೇ ಸಂಕಟದ ಹಾದಿಯಲ್ಲಿ ನಡೆದರು.

ಸಹೋದ್ಯೋಗಿಗಳ ಆಕ್ಷೇಪ ಬೇರೆ ದಿಕ್ಕಿನದು: ಆಪ್ತಸಲಹೆಯಲ್ಲಿ ದೇವತಾಶಾಸ್ತ್ರ ಯಾಕೆ? ರೋಗ ಆ ಭಾಷೆಯಲ್ಲೇ ಮಾತಾಡುತ್ತಿತ್ತು ಎಂಬುದೇ ನನ್ನ ಉತ್ತರ. ಆಕೆಯ ನಂಬಿಕೆಗೆ ವಿರುದ್ಧವಾದ ಅಭ್ಯಾಸ ಕೊಟ್ಟಿದ್ದರೆ ಎರಡನೆಯ ವಾರಕ್ಕೇ ಬಿಡುತ್ತಿದ್ದರು. ಅದು ಆಕೆಯ ನಂಬಿಕೆಗೇ ಒಪ್ಪುವಂಥದ್ದು ಎಂದು ಮನವರಿಕೆಯಾಗಬೇಕಿತ್ತು. ನಿಜಕ್ಕೂ ಒಪ್ಪುತ್ತದೆ. ತೀರ್ಪು ಕೊಟ್ಟ ನ್ಯಾಯಾಲಯ ಪ್ರತಿ ರಾತ್ರಿ ಅದೇ ಮೊಕದ್ದಮೆಗೆ ಮತ್ತೆ ಕೂರುವುದಿಲ್ಲ. ವಿವರಣೆಯನ್ನು ಒಮ್ಮೆ ಪೂರ್ತಿಯಾಗಿ ಕೊಟ್ಟು ಆಮೇಲೆ ಬಾಯಿ ಮುಚ್ಚಿದ್ದು ಚಿಕಿತ್ಸೆಯ ನಿಯಮಕ್ಕೂ ಬೋಧನೆಯ ಸ್ವಭಾವಕ್ಕೂ ಸರಿಹೋಗುತ್ತದೆ.

ಎಲ್ಲಕ್ಕಿಂತ ತಡವಾಗಿ ಬಂದದ್ದು ಕರ್ತನ ಭೋಜನ. 1 ಕೊರಿಂಥ 11:27ರ ‘ಅಯೋಗ್ಯವಾಗಿ’ ಎಂಬುದು ಕ್ರಿಯಾವಿಶೇಷಣ. ಹೇಗೆ ಉಣ್ಣುತ್ತಾರೆ ಎಂಬುದರ ಬಗ್ಗೆ ಹೇಳಿದ್ದು, ಉಣ್ಣುವವರ ಅರ್ಹತೆಯ ಬಗ್ಗೆಯಲ್ಲ. ಮೇಲಿನ 20ರಿಂದ 22ರ ವಚನಗಳಲ್ಲಿ ಸಂದರ್ಭವಿದೆ: ಕೆಲವರು ಮೊದಲೇ ತಿಂದು ಕುಡಿದು, ಇಲ್ಲದವರನ್ನು ಹಸಿದಿರಲು ಬಿಟ್ಟು ನಾಚಿಸುತ್ತಿದ್ದರು. ಇದನ್ನೂ ಒಂದೇ ಸಲ ಹೇಳಿದೆ. ಹದಿನಾಲ್ಕನೆಯ ವಾರ ಆಕೆ ಹಿಂದಿನ ರಾತ್ರಿಯ ಹತ್ತು ನಿಮಿಷ ಬಿಟ್ಟರೆ ಬೇರೇನೂ ಸಿದ್ಧತೆಯಿಲ್ಲದೆ ಹೋಗಿ ಪಾಲು ತೆಗೆದುಕೊಂಡರು. ಶಾಂತಿ ಅನಿಸಿತೇ ಎಂದು ಯಾರೋ ಕೇಳಿದರಂತೆ. ‘ಇಲ್ಲ, ಆತಂಕ 70 ಇತ್ತು’ ಎಂದರಂತೆ. ಸರಿಯಾದ ಉತ್ತರ. ರೋಮಾ 5:1ರ ‘ದೇವರೊಂದಿಗೆ ಸಮಾಧಾನ’ ಎಂಬುದು ವೈರ ಮುಗಿದ ಸ್ಥಿತಿ. ಎದೆ ಡವಗುಟ್ಟುತ್ತಿರುವಾಗಲೂ ವೈರ ಮುಗಿದೇ ಇರುತ್ತದೆ.

ಕೊನೆಯ ಭೇಟಿಗಳಲ್ಲೊಮ್ಮೆ ಆ ಪುಸ್ತಕವನ್ನು ಸುಟ್ಟುಬಿಡಲೇ ಎಂದು ಕೇಳಿದರು. ಕೊಲೊಸ್ಸೆ 2:14ರಲ್ಲಿ ಶಿಲುಬೆಗೆ ಜಡಿದ ಸಾಲಪತ್ರ ನೆನಪಾಗಿತ್ತಂತೆ. ಬೇಡ ಎಂದೆ. ಸುಟ್ಟರೆ ಮನಸ್ಸಾರೆ ಸುಟ್ಟೆನೇ ಎಂಬ ಪ್ರಶ್ನೆ ಹುಟ್ಟುತ್ತದೆ, ಅದಕ್ಕೊಂದು ಐದನೆಯ ಕಾಲಂ ಬೇಕಾಗುತ್ತದೆ. ಪುಸ್ತಕ ಈಗ ಮೇಜಿನ ಖಾನೆಯಲ್ಲಿ ಹಳೆಯ ಬಿಲ್ಲುಗಳ ಕೆಳಗಿದೆ. ಗೆರೆ ಎಳೆದಿಟ್ಟ ಹದಿನೆಂಟು ಪುಟ ಖಾಲಿ.