ಹೈ-ಗೇನ್ ಸ್ವರದ ಕರ್ಕಶ ಝೇಂಕಾರದ ಬಗ್ಗೆ

ಮಡಿಕೇರಿಯ ನಿಮ್ಮ ಕೋಣೆಯಲ್ಲಿ ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) ಗೇನ್, ಅಂದರೆ ಒಳಬರುವ ಸಂಕೇತವನ್ನು ಹಿಗ್ಗಿಸುವ ಮಟ್ಟ, ಏರಿಸಿ ಮೈಕ್ ಇಟ್ಟು ಧ್ವನಿಮುದ್ರಿಸಿದಾಗ ಪ್ರತಿ ಸ್ವರದ ಮೇಲೂ ಜೇನುಹುಳುಗಳ ಝೇಂಕಾರದಂಥ ಕರ್ಕಶತೆ ಕೂರುತ್ತದೆ, ಟ್ರೆಬಲ್ ಇಳಿಸಿದರೆ ನುಡಿಸಾಣಿಕೆಯೇ ಮಂಕಾಗುತ್ತದೆ ಎಂದು ಬರೆದಿದ್ದೀರಿ.

ಟ್ರೆಬಲ್ ಗುಂಡಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನ ಆಚೆಗೆ ತಾನಾಗಿಯೇ ಕುಸಿಯುತ್ತದೆಯಾದರೂ, ಅದರ ಎತ್ತರದ ಕಂಪನಗಳು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಚಿಮ್ಮುವುದರಿಂದ, ಸ್ಪೀಕರಿನ ಕೋನಿನ (ಕಂಪಿಸುವ ಶಂಕುವಿನ) ನಡುವಿನ ಗುಬುಟಿಗೆ ಎದುರಾಗಿ ಇಟ್ಟ ಮೈಕು ನಿಂತು ಕೇಳುವ ನಿಮ್ಮ ಕಿವಿಗೆ ತಲುಪದ ಕರ್ಕಶತೆಯನ್ನೂ ಹಿಡಿಯುತ್ತದೆ. ಮೈಕನ್ನು ಗುಬುಟಿಯ ಅಂಚಿನಿಂದ ಹೊರಕ್ಕೆ ಎರಡು-ಮೂರು ಸೆಂಟಿಮೀಟರ್ ಸರಿಸಿ ನೋಡಿ. ಇದರಷ್ಟು ಫಲ ಕೊಡುವ ಬೇರೆ ಉಪಾಯ ನನಗೆ ಕಂಡಿಲ್ಲ.

ಆಮೇಲೆ ಗೇನನ್ನು ಕಾಲುಭಾಗದಷ್ಟು ಇಳಿಸಿ. ಹೆಚ್ಚು ಕ್ಲಿಪ್ಪಿಂಗ್ (ಧ್ವನಿಯ ಅಲೆಯ ತುದಿ ಕತ್ತರಿಸಿಹೋಗುವುದು) ಎಂದರೆ ಹೆಚ್ಚು ಮೇಲ್‌ಸ್ವರಗಳು, ಝೇಂಕಾರ ಹುಟ್ಟುವುದೇ ಅಲ್ಲಿ. ಬಿಗಿ ಕಡಿಮೆಯಾಯಿತೆನಿಸಿದರೆ ಆಂಪ್‌ಗೆ ಮೊದಲು ಟ್ಯೂಬ್ ಸ್ಕ್ರೀಮರ್ (ಪ್ರಸಿದ್ಧ ಓವರ್‌ಡ್ರೈವ್ ಪೆಡಲ್) ಬಗೆಯ ಪೆಡಲನ್ನು, ಅದರ ಡ್ರೈವ್ (ಡಿಸ್ಟಾರ್ಶನ್ ಮಟ್ಟ) ಸೊನ್ನೆ, ಲೆವೆಲ್ ಹೆಚ್ಚು ಇಟ್ಟು ಬಳಸಿ. ಅದು ಡಿಸ್ಟಾರ್ಶನ್‌ಗೆ ಮುನ್ನವೇ ಮಂದ್ರವನ್ನು ಕಡಿದು ನಾದವನ್ನು ಬಿಗಿಯಾಗಿಸುತ್ತದೆ. ಆಂಪ್‌ನ ಎತ್ತರದ ಕಂಪನಗಳನ್ನು ಹೊಂದಿಸುವ ಪ್ರೆಸೆನ್ಸ್ ಗುಂಡಿಯನ್ನೂ ಇಳಿಸಬಹುದು.

ಇಷ್ಟಾದ ಮೇಲೂ ಉಳಿದದ್ದನ್ನು ಮುದ್ರಣದಲ್ಲಿ 8 ಕಿಲೋಹರ್ಟ್ಸ್‌ನ ಸುತ್ತ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ಎತ್ತರದ ಕಂಪನಗಳನ್ನು ತಡೆಯುವ ಶೋಧಕ) ಹಾಕಿ ತೆಗೆಯಿರಿ, ಆದರೆ ಒಂಟಿ ಗಿಟಾರನ್ನಲ್ಲ, ಡ್ರಮ್ಸ್ ಮತ್ತು ಬೇಸ್ ಜೊತೆಗಿಟ್ಟು ಕೇಳುತ್ತಲೇ ನಿರ್ಧರಿಸಿ.

ನಮ್ಮ ಕೊಡಗಿನವರಿಗೇ ಹೇಳಬೇಕಾದ ಮಾತೊಂದಿದೆ: ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಆಂಪ್‌ನ ಗುಂಡಿಗಳನ್ನು ತಿರುಗಿಸಿ ನಾದ ಹೊಂದಿಸಬೇಡಿ, ಆ ಸದ್ದು ಎತ್ತರದ ಕಂಪನಗಳನ್ನು ಮುಚ್ಚುವುದರಿಂದ ಅರಿವಿಲ್ಲದೆಯೇ ಅವನ್ನು ಏರಿಸಿಬಿಡುತ್ತೇವೆ.