ರಾಯಚೂರಿನ ಮನೆಗೆ ಬಿದಿರಿನ ನೆಲ ಆಗುತ್ತಾ?

ಟೈಲ್ಸ್ ಬೇಡ, ಪರಿಸರಕ್ಕೆ ಹೊರೆಯಾಗದ ನೆಲ ಬೇಕು, ರಾಯಚೂರಿನ ಮನೆಗೆ ಬಿದಿರಿನ ಹಲಗೆ ಆಗುತ್ತಾ ಅಂತ ಕೇಳಿದ್ದೀರಿ. ಬಿದಿರು ನಾಲ್ಕೈದು ವರ್ಷಕ್ಕೇ ಬಲಿಯುತ್ತದೆ, ಅದು ನಿಜ. ಆದರೆ ನಮ್ಮ ಬೇಸಿಗೆಗೆ ಹಲಗೆ ಕುಗ್ಗಿ ಸಂದು ಬಿಡಬಹುದು, ಮಳೆಗಾಲದಲ್ಲಿ ಉಬ್ಬಬಹುದು. ಸುಮ್ನೆ ತಲೆನೋವು.

ನನ್ನ ಕೇಳಿದರೆ ಶಹಾಬಾದ್ ಕಲ್ಲೇ ಹಾಕಿಸಿ. ಕಲಬುರಗಿ ಜಿಲ್ಲೆಯಿಂದ ಬರುವುದು, ದೂರದ ಸಾಗಾಟವಿಲ್ಲ. ಟೈಲ್ಸ್ ಥರ ಭಟ್ಟಿಯಲ್ಲಿ ಸುಡುವುದೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಒಳಗೆ ಬರಿಗಾಲಿಟ್ಟರೆ ತಂಪು. ಸುಣ್ಣದ ಕಲ್ಲು ಅಲ್ವಾ, ಆ್ಯಸಿಡ್ ಹಾಕಿ ತೊಳೆಯಬೇಡಿ. ಹುಣಸೆ ರಸ ಚೆಲ್ಲಿದರೂ ತಕ್ಷಣ ಒರೆಸಿ, ಇಲ್ಲದಿದ್ದರೆ ಅಷ್ಟು ಜಾಗ ಮಂಕಾಗುತ್ತದೆ.

ಮಲಗುವ ಕೋಣೆಗೆ ಮೆತ್ತಗಿನದು ಬೇಕಿದ್ದರೆ ಲಿನೋಲಿಯಂ ನೋಡಿ. ಅಗಸೆ ಎಣ್ಣೆ, ಕಾರ್ಕ್ ಪುಡಿ, ಸೆಣಬಿನ ಬಟ್ಟೆಯಿಂದ ಮಾಡುತ್ತಾರೆ. ಅದೇ ಹೆಸರಲ್ಲಿ ಪಿವಿಸಿ ಹಾಳೆ ಕೊಟ್ಟಾರು, ಹುಷಾರು.